ಮುದುಕಿ ಬಾಲ್ಕನಿಯಲ್ಲಿ ಏನು ಬಚ್ಚಿಟ್ಟಳು?

ಅಂದು ಕೊರ್ನೆಲ್ ಹುತ್ಸಾನು ಪಟ್ಟ ಪಾಡಿಗೆಲ್ಲ ಲಿಫ್ಟೇ ಕಾರಣ. ಅದು ಕೆಟ್ಟು ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಆ ಬ್ಲಾಕಿನಲ್ಲಿ ಲಿಫ್ಟು ಕೆಟ್ಟು ನಿಲ್ಲುವುದು ಮಾಮೂಲು. ಗ್ರಹಚಾರಕ್ಕೆ ಅಂದು ಅದು ಸರಿಯಾಗಿತ್ತು.

ಬೆಳಗ್ಗೆ ಬ್ರೆಡ್ಡು ಕೊಂಡು ಮರಳಿದವನು ಕೆಳಗಿನ ಟಪಾಲು ಪೆಟ್ಟಿಗೆಗಳ ಮುಂದೆ ನಿಂತು, ದಾರಿಯಲ್ಲಿ ಓದಿಕೊಳ್ಳಲೆಂದು ಕಂಕುಳಲ್ಲಿಟ್ಟುಕೊಂಡಿದ್ದ ಕಂದು ನೋಟ್‌ಬುಕ್ಕನ್ನು ಅವುಗಳ ಮೇಲಿಟ್ಟು, ತನ್ನ ಪೆಟ್ಟಿಗೆಯ ಬೀಗದೊಡನೆ ಗುದ್ದಾಡುತ್ತಿದ್ದ. ಅಷ್ಟರಲ್ಲಿ ಬೆನ್ನ ಹಿಂದೆ ಟಿಣ್ ಎಂದಿತು. ತಿರುಗಿ ನೋಡಿದರೆ ಲಿಫ್ಟಿನ ಬಾಗಿಲು ಮದುವೆಮನೆಯ ಯಜಮಾನನಂತೆ ಎರಡೂ ತೋಳು ಚಾಚಿ ಕರೆಯುತ್ತಿತ್ತು. ಏಳನೇ ಮಹಡಿಗೆ ಹತ್ತಬೇಕಾದವನು ಇಂಥ ಹೊತ್ತಿನಲ್ಲಿ ಯೋಚನೆ ಮಾಡುತ್ತಾನೆಯೇ? ಅದರ ಮನಸ್ಸು ಬದಲಾಗುವ ಮುಂಚೆ ಬ್ರೆಡ್ಡು ಅವುಚಿಕೊಂಡು ಒಳಕ್ಕೆ ಹಾರಿದ. ನೋಟ್‌ಬುಕ್ಕು ಕೆಳಗೇ ಉಳಿಯಿತು.

ಕಾಫಿ ಕುಡಿದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇನ್ನೇನು ಕಡೆಯ ಸಲ ಓದಿಕೊಳ್ಳೋಣವೆಂದು ಮೇಜಿನ ಮೇಲೆ ಕೈಯಾಡಿಸಿದಾಗ ಅವನಿಗೆ ಅದು ಹೊಳೆಯಿತು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಇಳಿಯುವುದಕ್ಕೆ ಲಿಫ್ಟಿಗೂ ಕಾಯಲಿಲ್ಲ. ಏಳು ಮಹಡಿ ಮೆಟ್ಟಿಲನ್ನು ಆಲೂಗಡ್ಡೆ ಮೂಟೆ ಬಿಚ್ಚಿದಂತೆ ಉರುಳಿದ. ಪೆಟ್ಟಿಗೆಗಳ ಮೇಲೆ ಏನೂ ಇರಲಿಲ್ಲ. ಧೂಳಿನಲ್ಲಿ ನೋಟ್‌ಬುಕ್ಕಿನ ಗುರುತು ಮಾತ್ರ ಚೌಕಾಕಾರವಾಗಿ ಉಳಿದಿತ್ತು.

ಆ ನೋಟ್‌ಬುಕ್ಕು ಎಂಥದೆಂದು ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಹುತ್ಸಾನುವಿಗೆ ಐವತ್ತಮೂರು. ಒಂಟಿ ಜೀವ. ಯಾಶ್ ನಗರದ ಅಂಚೆ ಕಚೇರಿಯ ಪಾರ್ಸಲ್ ಕಿಟಕಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತಿದ್ದ. ಸಿಯೋಲ್, ಟೆಹರಾನ್, ಟ್ಬಿಲಿಸಿ, ಮನಿಲಾ ಎಂದು ಪ್ರಪಂಚದ ಊರುಗಳೆಲ್ಲ ಅವನ ಮೊಹರಿನ ಕೆಳಗೆ ಹಾದುಹೋಗಿದ್ದವು. ಅವನು ಮಾತ್ರ ರಾಜಧಾನಿ ಬುಕಾರೆಸ್ಟ್ ದಾಟಿ ಹೋದವನಲ್ಲ. ಹೋಗಲಾಗದ ಊರುಗಳನ್ನು ಪರದೆಯ ಮೇಲಾದರೂ ನೋಡೋಣವೆಂದು, ಮೀಸೆ ನರೆತ ಮೇಲೆ ವಿಶ್ವವಿದ್ಯಾಲಯದಲ್ಲಿ ಸಮಕಾಲೀನ ಜಾಗತಿಕ ಸಿನಿಮಾ ಮತ್ತು ಅದರ ಸಾಂಸ್ಕೃತಿಕ ಹಿನ್ನೆಲೆ ಎಂಬ ಎರಡು ವರ್ಷದ ವ್ಯಾಸಂಗಕ್ಕೆ ಸೇರಿಕೊಂಡಿದ್ದ. ಕ್ಲಾಸಿನ ಹುಡುಗ ಹುಡುಗಿಯರು ಮೊದಲ ದಿನ ಅವನನ್ನು ಪ್ರೊಜೆಕ್ಟರ್ ರಿಪೇರಿಗೆ ಬಂದವನೆಂದು ತಿಳಿದು ಎದ್ದು ದಾರಿ ಬಿಟ್ಟಿದ್ದರು.

ಕಡೆಯ ಪರೀಕ್ಷೆಯೆಂದರೆ ಒಂದು ವೀಕ್ಷಣೆಯ ನೋಟ್‌ಬುಕ್ಕು. ಅದರಲ್ಲಿ ಹುತ್ಸಾನು ಎರಡು ಸಲ ಫೇಲಾಗಿದ್ದ. ಎರಡನೇ ಸಲ ಪ್ರೊಫೆಸರ್ ಸ್ಮರಾಂಡಾ ಕ್ರುಪೆನ್ಸ್ಕಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹೇಳಿದ್ದರು: "ಹುತ್ಸಾನು ಅವರೇ, ನೀವು ಸಿನಿಮಾ ಬಗ್ಗೆ ಬರೆಯೋದು ಪಾರ್ಸಲ್ ಚೀಟಿ ಬರೆದ ಹಾಗಿದೆ. ಎಲ್ಲಿಂದ, ಎಲ್ಲಿಗೆ, ತೂಕ ಎಷ್ಟು. ಒಳಗೇನಿದೆ ಅಂತ ಒಂದು ಸಲವಾದರೂ ಬಿಚ್ಚಿ ನೋಡಿದೀರಾ? ಚಿತ್ರದ ಹೆಸರು ಬೇಡ, ದೇಶ ಬೇಡ, ಪಾತ್ರದ ಹೆಸರೂ ಬೇಡ. ಬರೀ ಮನುಷ್ಯರನ್ನ ನೋಡಿ. ಯಾಕೆ ಹಾಗೆ ಮಾಡ್ತಾರೆ ಅಂತ ಕೇಳ್ಕೊಳ್ಳಿ. ಇದು ಮೂರನೇ ಸಲ. ನಾಲ್ಕನೇ ಸಲ ಅನ್ನೋದು ಇಲ್ಲ."

ಇಪ್ಪತ್ತೆಂಟು ವರ್ಷ ಪಾರ್ಸಲ್ಲು ತೂಗಿದವನಿಗೆ "ಒಳಗೇನಿದೆ" ಎಂದರೆ ಒಂದೇ ಅರ್ಥ: ಇರಬಾರದ್ದು ಏನೋ ಇದೆ. ಹಾಗಾಗಿ ಈ ಸಲ ಅವನು ಎಲ್ಲರ ಮೇಲೂ ಅನುಮಾನಪಟ್ಟು ಬರೆದ. ಕೊರಿಯಾದ ಚಿತ್ರ ನೋಡಿ ಬರೆದದ್ದು ಹೀಗಿತ್ತು:

"ಮುದುಕಿ. ಬಾಲ್ಕನಿ. ಬಟ್ಟೆ ಮುಚ್ಚಿದ ಏನನ್ನೋ ಮೂಲೆಗೆ ತಳ್ಳಿದಳು. ಒಳಗಿನಿಂದ ಸದ್ದು. ಜೀವ ಇದೆಯೆ? ಮೂರು ನಿಮಿಷ ಪಕ್ಕದ ಮನೆಯ ಗೋಡೆಗೆ ಕಿವಿ ಇಟ್ಟು ನಿಂತಳು. ಯಾರಿಗೆ ಹೆದರುತ್ತಾಳೆ? ಈ ಹೆಂಗಸನ್ನು ನಂಬಬಾರದು."

ಇರಾನಿನದು: "ಗಂಡಸು. ಸುರುಳಿ ಸುತ್ತಿದ ಜಮಖಾನೆ ಹೊತ್ತು ನೆಲಮಾಳಿಗೆಯಿಂದ ಬಂದ. ಅತ್ತಿತ್ತ ನೋಡಿದ. ಜಮಖಾನೆಯೊಳಗೆ ಏನು? ಹೆಣವೆ?"

ಜಾರ್ಜಿಯಾದ್ದು: "ಕೋಟು ತೊಟ್ಟ ಅಧಿಕಾರಿ. ಮೆಟ್ಟಿಲಿನ ದೀಪದ ಕೆಳಗೆ ನಿಂತು ತಂತಿ ಮುಟ್ಟಿ ನೋಡಿದ. ಕೈ ಒರೆಸಿಕೊಂಡ. ತಪ್ಪಿತಸ್ಥ."

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ತನಗೇ ನೆನಪಿರಲೆಂದು, ದಪ್ಪಕ್ಷರದಲ್ಲಿ ಬರೆದುಕೊಂಡಿದ್ದ: "ಒಪ್ಪಿಸುವುದು: ಪ್ರೊ. ಅವರಿಗೆ, ಗುರುವಾರ, ನಾಲ್ಕು ಗಂಟೆ. ಯಾರ ಹೆಸರೂ ಇರಕೂಡದು."

ಇಂಥ ನೋಟ್‌ಬುಕ್ಕು ಇಂಥ ಬ್ಲಾಕಿನಲ್ಲಿ ಕಳೆದುಹೋಗಿತ್ತು. ಇಲ್ಲಿನ ಹಿರಿಯರೆಲ್ಲ, ಬಾಯಿ ಬಿಟ್ಟರೆ ಪಕ್ಕದ ಮನೆಯವನೇ ಬರೆದು ಗುಪ್ತ ಪೊಲೀಸರಿಗೆ ಕೊಟ್ಟುಬರುತ್ತಿದ್ದ ಕಾಲವನ್ನು ಕಂಡವರು. ಆ ಕಾಲ ಮುಗಿದು ಎಷ್ಟೋ ವರ್ಷವಾಗಿದ್ದರೂ ಅವರ ಕಿವಿಗಳು ಇನ್ನೂ ನಿವೃತ್ತಿಯಾಗಿರಲಿಲ್ಲ.

ಗುರುವಾರ ಬಂದಿತ್ತು. ಗಂಟೆ ಒಂಬತ್ತೂವರೆ.

ಹುತ್ಸಾನು ಮೊದಲು ತಟ್ಟಿದ್ದು ಬ್ಲಾಕಿನ ಅಧ್ಯಕ್ಷ ಹರಲಂಬಿಯೆ ತ್ಸುಗುಯಿಯ ಬಾಗಿಲನ್ನು. ನಿವೃತ್ತ ಟ್ರಾಮ್ ಇನ್‌ಸ್ಪೆಕ್ಟರ್. ನಿವೃತ್ತನಾದ ಮೇಲೂ ಎದುರು ಬಂದವರನ್ನೆಲ್ಲ ಟಿಕೆಟ್ಟಿಲ್ಲದವರಂತೆಯೇ ನೋಡುತ್ತಿದ್ದ.

"ತ್ಸುಗುಯಿ ಅವರೇ, ಕೆಳಗೆ ಒಂದು ಪುಸ್ತಕ..."

"ಯಾವ ಪುಸ್ತಕ? ನಾನು ಯಾವ ಪುಸ್ತಕಾನೂ ಓದಿಲ್ಲ."

"ಓದಿದೀರಿ ಅನ್ನಲಿಲ್ಲ. ನೋಡಿದ್ರಾ ಅಂತ..."

"ಕಂದು ಬಣ್ಣದ ಯಾವ ಪುಸ್ತಕಾನೂ ನೋಡಿಲ್ಲ."

"ಕಂದು ಅಂತ ನಾನು ಹೇಳ್ಲೇ ಇಲ್ಲವಲ್ಲ!"

ತ್ಸುಗುಯಿ ಗಂಟಲು ಸರಿಮಾಡಿಕೊಂಡ. ಆಮೇಲೆ, ಅಧ್ಯಕ್ಷನಾದ ಹದಿನೈದು ವರ್ಷದಲ್ಲಿ ಎಂದೂ ಮಾಡದ ಕೆಲಸ ಮಾಡಿದ. ನಕ್ಕ. ಬೀಗ ಹಾಕಿದ್ದ ಕಬ್ಬಿಣದ ಗೇಟು ತೆರೆದುಕೊಂಡ ಹಾಗಿತ್ತು ಆ ನಗೆ.

"ಹುತ್ಸಾನು ಅವರೇ, ಕೂತ್ಕೊಳ್ಳಿ. ಆ ಮೆಟ್ಟಿಲು ದೀಪದ ವಿಷಯ... ನೋಡಿ, ಮನುಷ್ಯ ಅಂದಮೇಲೆ ಮಾಂಸ ಇಡೋಕೆ ಒಂದು ಫ್ರೀಜರ್ ಬೇಕೇ ಬೇಕು. ಅದಕ್ಕೊಂದು ತಂತಿ ಬೇಕೇ ಬೇಕು. ಆ ತಂತಿ ಎಲ್ಲಿಂದ ಬರುತ್ತೆ ಅನ್ನೋದನ್ನ ದೊಡ್ಡದು ಮಾಡಬೇಕಾ?"

ಹುತ್ಸಾನು ಕಣ್ಣು ಬಿಟ್ಟ. ಬ್ಲಾಕಿನ ಎಲ್ಲರ ಪಾಲಿನ ಮೆಟ್ಟಿಲು ದೀಪದಿಂದ ಅಧ್ಯಕ್ಷನೇ ಕರೆಂಟು ಎಳೆದುಕೊಂಡಿದ್ದಾನೆಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಅಯ್ಯೋ, ನನಗೇನೂ ಗೊತ್ತಿಲ್ಲ..."

"ಅದೇ! ಅದೇ ಮಾತು ಆಡ್ತಿರಿ!" ಎಂದು ತ್ಸುಗುಯಿ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಬಾಗಿಲ ಹೊರಗೆ ಬಿಟ್ಟ.

ಮೆಟ್ಟಿಲಲ್ಲಿ ನಿಂತು ಹುತ್ಸಾನು ಯೋಚಿಸಿದ. ತ್ಸುಗುಯಿ ನಕ್ಕದ್ದೇಕೆ? ಕೈ ಹಿಡಿದದ್ದೇಕೆ? ಇವನೇ ಕದ್ದಿದ್ದಾನೆ. ಅಥವಾ ಕದ್ದವರು ಯಾರೆಂದು ಇವನಿಗೆ ಗೊತ್ತಿದೆ.

ಏಳನೇ ಮಹಡಿಗೆ ಬಂದರೆ ಅವನ ಬಾಗಿಲ ಮುಂದೆ ತಾಂತಿ ಎವ್ದೋಕಿಯಾ ನಿಂತಿದ್ದಳು. ಪಕ್ಕದ ಮನೆಯವಳು, ಎಪ್ಪತ್ತನಾಲ್ಕು ವಯಸ್ಸು, ವಿಧವೆ. ಇಡೀ ಬ್ಲಾಕಿಗೇ ತಾಂತಿ, ಎಂದರೆ ದೊಡ್ಡಮ್ಮ. ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು.

"ಕೊರ್ನೆಲ್, ಮಗಾ, ಮೊಟ್ಟೆ ತಗೋ. ಆರಿದೆ. ಈಗಷ್ಟೆ... ಈಗಷ್ಟೆ ಅಂಗಡಿಯಿಂದ ತಂದೆ."

ಹುತ್ಸಾನು ಒಂದನ್ನು ಕೈಗೆತ್ತಿಕೊಂಡ. ಬೆಚ್ಚಗಿತ್ತು. ಒಂದು ಪುಕ್ಕ ಅಂಟಿಕೊಂಡಿತ್ತು.

"ತಾಂತಿ, ಇದು ಯಾವ ಅಂಗಡಿ?"

ಮುದುಕಿಯ ಮುಖ ಕಪ್ಪಿಟ್ಟಿತು. "ನೋಡಿದ್ಯಾ? ನಿನಗೆ ಎಲ್ಲಾ ಗೊತ್ತು. ಇಷ್ಟು ದಿನ 'ನಮಸ್ಕಾರ ತಾಂತಿ, ನಮಸ್ಕಾರ ತಾಂತಿ' ಅನ್ಕೊಂಡು ಗೋಡೆಗೆ ಕಿವಿ ಇಟ್ಟಿದ್ಯಲ್ಲ, ತಿಂದದ್ದು ಮೈಗೆ ಹತ್ತುತ್ತಾ? ನಾಲ್ಕೇ ಕೋಳಿ ಕಣೋ! ಬಾಲ್ಕನಿಯಲ್ಲಿ ಮೂಲೆಗೆ ಬಿದ್ದಿರ್ತವೆ. ಕೂಗಲ್ಲ, ಕೊಕ್ಕೊ ಅನ್ನಲ್ಲ. ನನಗೂ ಮಾತಾಡಿಸೋಕೆ ಯಾರಾದ್ರೂ ಬೇಡ್ವಾ?"

"ಕೋಳಿನಾ? ಬಾಲ್ಕನಿಯಲ್ಲಿ ಕೋಳಿ ಇದೆಯಾ?"

"ನಾಟಕ ನೋಡು!" ಎಂದು ತಾಂತಿ ಬಟ್ಟಲನ್ನು ಅವನ ಕೈಗೆ ತುರುಕಿದಳು. ತುರುಕಿ ತನ್ನ ಬಾಗಿಲೊಳಗೆ ಸೇರಿ ಮೂರು ಬೀಗ ಹಾಕಿಕೊಂಡದ್ದು ಒಂದೊಂದಾಗಿ ಕೇಳಿಸಿತು.

ಹತ್ತು ನಿಮಿಷಕ್ಕೆ ಗ್ರಿಗೊರೆ ಬುಸುಯೋಕ್ ಬಂದ. ಎರಡನೇ ಮಹಡಿಯ ಕೊಳಾಯಿ ರಿಪೇರಿಯವನು, ಎತ್ತಿನಂಥ ಆಳು. ಅಡುಗೆಮನೆಯ ಮೇಜಿನ ಮೇಲೆ ಲೇಬಲ್ಲಿಲ್ಲದ ಬಾಟಲಿಯೊಂದನ್ನು ಇಟ್ಟ. ಪ್ಲಮ್ ಹಣ್ಣಿನ ಸಾರಾಯಿಯ ವಾಸನೆ ಮುಚ್ಚಳ ದಾಟಿ ಬರುತ್ತಿತ್ತು.

"ಅಣ್ಣಾ, ಆ ಜಮಖಾನೆಯೊಳಗೆ ಹೆಣ ಇರ್ಲಿಲ್ಲ."

"ಯಾವ ಜಮಖಾನೆ ಮಾರಾಯಾ?"

"ತಾಮ್ರದ ಪೈಪು. ನೆಲಮಾಳಿಗೆಯಲ್ಲಿ ಸಾರಾಯಿ ಇಳಿಸೋಕೆ. ಪೈಪನ್ನ ಬರಿಗೈಲಿ ಹೊತ್ಕೊಂಡು ಹೋದ್ರೆ ಜನ ನೋಡ್ತಾರೆ ಅಂತ ಜಮಖಾನೆ ಸುತ್ತಿದ್ದೆ. ನೀನು ಹೆಣ ಅಂತ ಬರೆದುಬಿಟ್ಟಿದೀಯ. ನನಗೆ ಇಬ್ರು ಹೆಣ್ಣುಮಕ್ಕಳಿದಾರೆ ಅಣ್ಣಾ. ಸಾರಾಯಿ ಅಂತ ಬರಿ, ಬೇಜಾರಿಲ್ಲ. ಹೆಣ ಅನ್ನೋದನ್ನ ಹೊಡೆದುಹಾಕು."

ಈಗ ಹುತ್ಸಾನುವಿಗೆ ನಿಜವಾಗಿಯೂ ಭಯವಾಯಿತು. ನೋಟ್‌ಬುಕ್ಕು ಇವರ ಕೈಗೆ ಸಿಕ್ಕಿದೆ. ಸಿಕ್ಕಿದ್ದಷ್ಟೇ ಅಲ್ಲ, ಓದಿದ್ದಾರೆ. ಓದಿದ್ದಷ್ಟೇ ಅಲ್ಲ, ಪ್ರತಿಯೊಬ್ಬನೂ ಅದರಲ್ಲಿ ತನ್ನನ್ನೇ ಕಂಡುಕೊಂಡಿದ್ದಾನೆ. ಸಂಜೆಯೊಳಗೆ ಒಲೆಗೆ ಹಾಕಿಬಿಟ್ಟರೆ? ಎರಡು ವರ್ಷದ ಓದು ಬೂದಿಯಾಗುತ್ತದೆ.

"ಗ್ರಿಗೊರೆ, ನಿನ್ನ ದಮ್ಮಯ್ಯ. ಆ ಪುಸ್ತಕ ಎಲ್ಲಿದೆ?"

"ಬಟ್ಟೆ ಒಣಗಿಸೋ ರೂಮಿನಲ್ಲಿ. ಹನ್ನೆರಡಕ್ಕೆ ಮೀಟಿಂಗು. ನಿನ್ನನ್ನ ಕರ್ಕೊಂಡು ಬಾ ಅಂದಿದಾರೆ. ಬಾಟಲಿ ಕೊಟ್ಟಿದ್ದು ಮಾತ್ರ ಅಲ್ಲಿ ಹೇಳಬೇಡ."

ಬಟ್ಟೆ ಒಣಗಿಸುವ ಕೋಣೆಯಲ್ಲಿ ತ್ಸುಗುಯಿಯ ಉದ್ದನೆಯ ಒಳಚಡ್ಡಿಗಳು ಬಾವುಟಗಳಂತೆ ತೂಗುತ್ತಿದ್ದವು. ಅವುಗಳ ಕೆಳಗೆ ಮೂರು ಕುರ್ಚಿ. ಎದುರಿಗೆ, ಹುತ್ಸಾನುವಿಗಾಗಿ, ಮಗುಚಿದ ಬಕೆಟ್ಟು. ತ್ಸುಗುಯಿಯ ಮಡಿಲಲ್ಲಿ ಕಂದು ನೋಟ್‌ಬುಕ್ಕು.

"ನಿಮ್ಮ ಮನೆಯಿಂದ ಚೀನಾದವರ ಮಾತು ಕೇಳುತ್ತೆ ಅಂತ ತಾಂತಿ ಹೋದ ವರ್ಷಾನೇ ದೂರು ಕೊಟ್ಟಿದ್ಲು," ತ್ಸುಗುಯಿ ಶುರುಮಾಡಿದ. "ಭಾನುವಾರ ಅರಬರು. ಮಂಗಳವಾರ ಒಬ್ಬಳು ಹೆಂಗಸು ಇಡೀ ಸಂಜೆ ಅತ್ತಳು. ಆದ್ರೆ ನಿಮ್ಮ ಮನೆ ಬಾಗಿಲಿಂದ ಯಾರೂ ಒಳಗೆ ಹೋಗಿದ್ದನ್ನ ಕಂಡಿಲ್ಲ, ಹೊರಗೆ ಬಂದಿದ್ದನ್ನೂ ಕಂಡಿಲ್ಲ. ಅವರೆಲ್ಲ ಎಲ್ಲಿ?"

"ಅವರೆಲ್ಲ ಸಿನಿಮಾದವರು!"

"ಸರಿ. ಹಾಗಾದ್ರೆ ಇದನ್ನ ಯಾರಿಗೆ ಒಪ್ಪಿಸ್ತೀರಿ? ಗುರುವಾರ, ನಾಲ್ಕು ಗಂಟೆ. ಯಾರ ಹೆಸರೂ ಇರಕೂಡದು."

"ಪ್ರೊಫೆಸರ್‌ಗೆ."

"ಆಗಿನ ಕಾಲದಲ್ಲಿ ಕರ್ನಲ್ ಅನ್ನೋರು," ತಾಂತಿ ಬುಸುಯೋಕ್‌ನ ಕಿವಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು. "ಈಗ ಪ್ರೊಫೆಸರ್ ಅಂತಾರೆ."

"ತಾಂತಿ, ದೇವರಾಣೆಗೂ ಅದು ನೀವಲ್ಲ. ಅದು ಕೊರಿಯಾದ ಮುದುಕಿ. ಬೇಕಾದ್ರೆ ಬನ್ನಿ, ತೋರಿಸ್ತೀನಿ. ಮೂರೂ ಜನ ಬನ್ನಿ. ಕಣ್ಣಾರೆ ನೋಡಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಬಲೆಯಿರಬಹುದೆ ಎಂಬ ಪ್ರಶ್ನೆ ಮೂರು ಮುಖದಲ್ಲೂ ಒಟ್ಟಿಗೆ ಎದ್ದಿತು. ಕೊನೆಗೆ ತ್ಸುಗುಯಿ, ಏನಾದರೂ ಆದರೆ ಕೈಗಿರಲೆಂದು, ಬಟ್ಟೆ ಒಣಹಾಕುವ ಕೋಲೊಂದನ್ನು ಎತ್ತಿಕೊಂಡ.

ಹುತ್ಸಾನು ಪರದೆ ಎಳೆದು ಟೀವಿ ಹಚ್ಚಿದ. ತಾಂತಿ ಸೋಫಾದ ತುದಿಯಲ್ಲಿ ಕೂತಳು, ಕೈಚೀಲ ಎದೆಗೆ ಅವುಚಿಕೊಂಡು. ಕೊರಿಯಾದ ಮುದುಕಿ ಬಾಲ್ಕನಿಗೆ ಬಂದಳು. ಬಟ್ಟೆ ಮುಚ್ಚಿದ ಏನನ್ನೋ ಮೂಲೆಗೆ ತಳ್ಳಿದಳು. ಗೋಡೆಗೆ ಕಿವಿ ಇಟ್ಟಳು.

ತಾಂತಿ ಚಂಗನೆ ಎದ್ದು ನಿಂತಳು.

"ಅಯ್ಯೋ ಪಾಪಿ! ಕೊರಿಯಾಕ್ಕೂ ಕಳಿಸಿಬಿಟ್ಟಿದೀಯಲ್ಲೋ! ಅವರು ನನ್ನ ಮೇಲೆ ಸಿನಿಮಾನೇ ತೆಗೆದಿದಾರೆ!"

"ತಾಂತಿ, ಈ ಸಿನಿಮಾ ತೆಗೆದಾಗ ನಿಮ್ಮ ಕೋಳಿ ಹುಟ್ಟೇ ಇರ್ಲಿಲ್ಲ!"

"ಕೋಳಿ ಹುಟ್ಟಿದ ದಿನವೂ ಗೊತ್ತು ಇವನಿಗೆ!" ಎಂದ ತ್ಸುಗುಯಿ, ಕೋಲನ್ನು ಬಿಗಿ ಹಿಡಿದು.

ಆದರೆ ಹೊರಟುಹೋಗಬೇಕಿದ್ದ ತಾಂತಿ ಹೋಗಲಿಲ್ಲ. ಪರದೆಯಲ್ಲಿ ಮುದುಕಿ ಆ ಬಟ್ಟೆ ತೆಗೆದು, ಹುಳಿಯೇರಿ ಗುಳುಗುಡುತ್ತಿದ್ದ ಮಣ್ಣಿನ ಭರಣಿಯೊಳಗೆ ಕೈ ಹಾಕಿ, ಉಪ್ಪಲ್ಲಿ ನೆನೆದ ಎಲೆಕೋಸನ್ನು ಹಿಂಡಿ ಹಿಂಡಿ ಮಗುಚುತ್ತಿದ್ದಳು. ತಾಂತಿ ನಿಂತಲ್ಲೇ ನೋಡಿದಳು. ಆಮೇಲೆ ನಿಧಾನಕ್ಕೆ ಕೂತಳು. ಕೈಚೀಲ ಎದೆಯಿಂದ ಮಡಿಲಿಗೆ ಇಳಿಯಿತು.

"ಇವಳು ನಮ್ಮ ಹಾಗೇ ಹಾಕ್ತಾಳಲ್ಲ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಮೆಣಸಿನಕಾಯಿ ಮಾತ್ರ ಜಾಸ್ತಿ."

ಹುತ್ಸಾನು ಈ ದೃಶ್ಯವನ್ನು ಒಂಬತ್ತು ಸಲ ನೋಡಿದ್ದ. ಭರಣಿಯೊಳಗೆ ಬಚ್ಚಿಟ್ಟ ಜೀವವಿದೆಯೆಂದೇ ಎಂಟು ಸಲ ನಂಬಿದ್ದ. ಒಂಬತ್ತನೇ ಸಲ ಎಲೆಕೋಸು ಕಂಡರೂ, ಅದರ ಅಡಿಯಲ್ಲಿ ಏನೋ ಇರಲೇಬೇಕೆಂದುಕೊಂಡಿದ್ದ.

"ಕೊರ್ನೆಲ್, ಅವಳನ್ನ ನಂಬಬಾರದು ಅಂತ ಬರೆದಿದೀಯಲ್ಲ, ನಿನಗೆ ಕಣ್ಣಿಲ್ವೇನೋ?" ತಾಂತಿಯ ದನಿ ಏರಿತು. "ಅವಳು ಗೋಡೆಗೆ ಕಿವಿ ಇಟ್ಟಿರೋದು ಪಕ್ಕದವರು ಕೆಲಸಕ್ಕೆ ಹೋದ್ರಾ ಅಂತ ಕೇಳಿಸ್ಕೊಳ್ಳೋಕೆ. ಭರಣಿ ತೆಗೆದ್ರೆ ವಾಸನೆ ಬರುತ್ತೆ, ಅವರು ಗೊಣಗ್ತಾರೆ. ಹೆದರಿಕೆ ಅಲ್ಲ ಕಣೋ ಅದು, ಮರ್ಯಾದೆ! ಮತ್ತೆ ನೋಡು, ಎಷ್ಟು ಹಾಕಿದಾಳೆ. ಇಬ್ಬರಿಗಾಗೋಷ್ಟು. ಮೇಜಿನ ಮೇಲೆ ಬಟ್ಟಲು ಮಾತ್ರ ಒಂದೇ. ಗಂಡ ಹೋಗಿ ವರ್ಷ ಆಗಿಲ್ಲ, ಕೈಗೆ ಇನ್ನೂ ಅಳತೆ ಮರೆತಿಲ್ಲ."

ಇರಾನಿನ ಚಿತ್ರ ಬಂದಾಗ ಬುಸುಯೋಕ್ ಮುಂದಕ್ಕೆ ಬಗ್ಗಿದ. "ಹೆಣ ಅಂತೆ! ಹೆಣ ಹೊತ್ತವನು ಹಾಗೆ ನಡೀತಾನಾ? ಅಂಗಡಿ ಬಾಗಿಲ ತನಕ ಎರಡು ಸಲ ಹೋಗಿ ವಾಪಸು ಬಂದ ನೋಡು. ಮಾರೋಕೆ ತಂದಿದಾನೆ, ಮಾರೋಕೆ ಮನಸ್ಸಿಲ್ಲ. ಅವರಮ್ಮ ನೇಯ್ದಿರಬೇಕು."

ಜಾರ್ಜಿಯಾದ ಅಧಿಕಾರಿ ತಂತಿ ಮುಟ್ಟಿದಾಗ ತ್ಸುಗುಯಿ ಕೋಲನ್ನು ಗೋಡೆಗೆ ಒರಗಿಸಿದ. "ಅಧಿಕಾರಿಗಳಿಗೂ ಚಳಿಯಾಗುತ್ತೆ," ಎಂದ ಸಣ್ಣ ದನಿಯಲ್ಲಿ.

ಗಡಿಯಾರ ನೋಡಿದ ಹುತ್ಸಾನುವಿನ ಜೀವ ಹಾರಿತು. ಎರಡೂವರೆ! "ಈಗಲಾದ್ರೂ ನಂಬಿಕೆ ಬಂತಾ? ಪುಸ್ತಕ ಕೊಡಿ, ನಾನು ಹೊರಡ್ಬೇಕು."

ತಾಂತಿ ನೋಟ್‌ಬುಕ್ಕನ್ನು ತ್ಸುಗುಯಿಯ ಕೈಯಿಂದ ಕಿತ್ತುಕೊಂಡು ಬೆನ್ನ ಹಿಂದೆ ಅಡಗಿಸಿದಳು.

"ಆ ಹೆಂಗಸಿನ ಮೇಲೆ ಇಷ್ಟು ಸುಳ್ಳು ಬರೆದು ತಗೊಂಡು ಹೋಗ್ತೀಯಾ? ನಾನಿರೋವರೆಗೂ ಆಗಲ್ಲ. ಅವಳಿಗೆ ಕೇಳೋರಿಲ್ಲ ಅನ್ಕೊಂಡ್ಯಾ? ಮೊದಲು ತಿದ್ದಬೇಕು. ಪೆನ್ನು ಕೊಡು."

ಹುತ್ಸಾನು ಬೇಡಿದ, ಬೈದ, ಕೈ ಮುಗಿದ. ಏನೂ ನಡೆಯಲಿಲ್ಲ. ತಾಂತಿ ಹಸಿರು ಶಾಯಿಯಲ್ಲಿ ಅಂಚಿನುದ್ದಕ್ಕೂ ಬರೆದಳು. ಜಾಗ ಸಾಲದೆ ಸಾಲುಗಳ ಮಧ್ಯೆ ಬರೆದಳು, ಅಲ್ಲೂ ಸಾಲದೆ ಹಾಳೆ ತಿರುಗಿಸಿ ತಲೆಕೆಳಗಾಗಿ ಬರೆದಳು. ಬುಸುಯೋಕ್ ಬಡಗಿಗಳ ದಪ್ಪ ಪೆನ್ಸಿಲಿನಲ್ಲಿ, ನಾಲಿಗೆ ಕಚ್ಚಿಕೊಂಡು, ಹೆಣ ಎಂಬ ಪದವನ್ನು ಹಾಳೆ ಹರಿಯುವ ಹಾಗೆ ಹೊಡೆದುಹಾಕಿದ. ತ್ಸುಗುಯಿ ಕೆಂಪು ಪೆನ್ನಿನಲ್ಲಿ ಬರೆದು, ಅಭ್ಯಾಸಬಲದಿಂದ ಕೆಳಗೆ ಸಹಿ ಹಾಕಿ, ತಾರೀಖು ನಮೂದಿಸಿದ. ಮುಗಿಯುವಾಗ ಮೂರು ಹತ್ತು.

ಹುತ್ಸಾನು ಟ್ರಾಮಿಗೆ ಓಡಿದ. ಅಪರಾಧ ಮನ್ನಿಸಲೆಂದು ತಾಂತಿ ಅವನ ಕೋಟಿನ ಜೇಬಿಗೆ ಬಲವಂತವಾಗಿ ಇಳಿಬಿಟ್ಟಿದ್ದ ಎರಡು ಮೊಟ್ಟೆ ಮುಂದಿನ ನಿಲ್ದಾಣದ ನೂಕುನುಗ್ಗಲಿನಲ್ಲಿ ಒಡೆದು, ತೊಡೆಯ ಮೇಲೆ ನಿಧಾನವಾಗಿ ಇಳಿಯತೊಡಗಿದವು. ಎದುರು ಸೀಟಿನ ಹೆಂಗಸು ಮುಖ ಸಿಂಡರಿಸಿ ಎದ್ದು ದೂರ ಹೋಗಿ ನಿಂತಳು.

ಪ್ರೊಫೆಸರ್ ಕ್ರುಪೆನ್ಸ್ಕಿಯ ಕೋಣೆ ಸೇರಿದಾಗ ನಾಲ್ಕಕ್ಕೆ ಎರಡು ನಿಮಿಷ. ಅವರು ಅವನ ಪ್ಯಾಂಟನ್ನು ಒಮ್ಮೆ ನೋಡಿದರು. ನೋಟ್‌ಬುಕ್ಕು ತೆರೆದರು. ಹುಬ್ಬು ಗಂಟಾಯಿತು. ಹಾಳೆ ತಿರುಗಿಸಿದರು. ಹುಬ್ಬು ಬಿಡಿಸಿಕೊಂಡಿತು. ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"'ಗಂಡ ಹೋಗಿ ವರ್ಷ ಆಗಿಲ್ಲ, ಕೈಗೆ ಇನ್ನೂ ಅಳತೆ ಮರೆತಿಲ್ಲ,'" ಅವರು ಗಟ್ಟಿಯಾಗಿ ಓದಿದರು. "ಹುತ್ಸಾನು ಅವರೇ, ಈ ದೃಶ್ಯವನ್ನ ನಾನು ಹತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಆ ಒಂದೇ ಬಟ್ಟಲು ನನ್ನ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ಇದು ನಿಮ್ಮದೇ?"

ಎರಡು ವರ್ಷದಲ್ಲಿ ಮೊದಲ ಸಲ ಆಕೆ ಅವನನ್ನು ಮೆಚ್ಚುಗೆಯಿಂದ ನೋಡುತ್ತಿದ್ದರು. ಬಾಯಿ ತಾನಾಗಿ ತೆರೆದುಕೊಂಡಿತು.

"ಹೌದು ಮೇಡಂ. ಎರಡನೇ ಸಲ ನೋಡಿದಾಗ ಹೊಳೀತು. ಅದಕ್ಕೇ ಬೇರೆ ಶಾಯಿ."

"ಒಳ್ಳೇದು." ಅವರು ಮುಂದಿನ ಸಾಲಿಗೆ ಬೆರಳಿಟ್ಟರು. "'ಇದನ್ನು ಬರೆದ ಹುತ್ಸಾನು ಒಂದು ಕತ್ತೆ. ಪಕ್ಕದಲ್ಲೇ ಇಪ್ಪತ್ತು ವರ್ಷ ಇದ್ದರೂ ಒಂಟಿ ಹೆಂಗಸು ಹೇಗೆ ಬದುಕುತ್ತಾಳೆ ಅಂತ ಇವನಿಗೆ ಗೊತ್ತಿಲ್ಲ.' ಇದೂ ನೀವೇ ಬರೆದದ್ದೆ?"

"ಅದು... ಆತ್ಮವಿಮರ್ಶೆ, ಮೇಡಂ."

"ಮತ್ತೆ ಈ ಸಹಿ? 'ಹ. ತ್ಸುಗುಯಿ, ಬ್ಲಾಕ್ ಅಧ್ಯಕ್ಷ'?"

ಹುತ್ಸಾನು ತಲೆ ತಗ್ಗಿಸಿದ. ಆಮೇಲೆ ಲಿಫ್ಟಿನಿಂದ ಮೊದಲುಮಾಡಿ ಮೊಟ್ಟೆಯವರೆಗೆ ಎಲ್ಲವನ್ನೂ ಒಪ್ಪಿಸಿದ. ಪ್ರೊಫೆಸರ್ ನಗಲಿಲ್ಲ, ಬೈಯಲೂ ಇಲ್ಲ. ಕೆಂಪು ಪೆನ್ನು ತೆಗೆದು ಮೊದಲ ಹಾಳೆಯ ಮೇಲೆ ಎರಡು ಅಂಕ ಬರೆದರು. ಅಂಚಿನ ಬರಹಕ್ಕೆ ಹತ್ತಕ್ಕೆ ಹತ್ತು. ನಡುವಿನ ಬರಹಕ್ಕೆ ನಾಲ್ಕು. ಪಾಸಾಗಲು ಐದು ಬೇಕು.

"ನಾನು ಕೇಳಿದ್ದು ಯಾಕೆ ಹಾಗೆ ಮಾಡ್ತಾರೆ ಅಂತ. ನೀವು ಬರೆದದ್ದು ಏನು ತಪ್ಪು ಮಾಡಿದಾರೆ ಅಂತ. ಆದರೂ ನಾಲ್ಕನೇ ಅವಕಾಶ ಕೊಡ್ತೀನಿ, ನಿಯಮ ಮುರಿದು. ಒಂದು ಷರತ್ತು. ಇವರನ್ನ ನನಗೆ ತೋರಿಸ್ಬೇಕು. ಈಗಲೇ."

ವಾಪಸಿನ ಟ್ರಾಮಿನಲ್ಲಿ ಹುತ್ಸಾನುವಿಗೆ ಸ್ವಲ್ಪ ಜೀವ ಬಂದಿತ್ತು. ಪ್ರೊಫೆಸರನ್ನು ಕಣ್ಣಾರೆ ಕಂಡರೆ ಬ್ಲಾಕಿನವರ ಅನುಮಾನವೂ ತೀರುತ್ತದೆ. ಮುಂದಿನ ಸಲ ತಾನೂ ಜಾಗ್ರತೆಯಾಗಿ ಬರೆದರಾಯಿತು. ಒಟ್ಟಿನಲ್ಲಿ ದಿನ ಪೂರ್ತಿ ಹಾಳಾಗಲಿಲ್ಲ.

ಒಣಗಿಸುವ ಕೋಣೆಯಲ್ಲಿ ಮೂವರೂ ಇನ್ನೂ ಕೂತು, ಜಮಖಾನೆಯವನು ಕೊನೆಗೆ ಅದನ್ನು ಮಾರಬೇಕಿತ್ತೇ ಬೇಡವೇ ಎಂದು ಕಿತ್ತಾಡುತ್ತಿದ್ದರು. ಅಪರಿಚಿತ ಹೆಂಗಸನ್ನು ಕಂಡು ಮಾತು ಕತ್ತರಿಸಿದಂತೆ ನಿಂತಿತು. ತ್ಸುಗುಯಿ ಎದ್ದು ಒಳಚಡ್ಡಿಗಳನ್ನು ಸರಸರನೆ ಎಳೆದುಹಾಕಿದ.

"ಇವರೇನಾ ಆ ಕರ್ನಲ್ಲು?" ತಾಂತಿ ಕೇಳಿದಳು.

ಪ್ರೊಫೆಸರ್ ಬಕೆಟ್ಟಿನ ಮೇಲೆಯೇ ಕೂತರು. ಅರ್ಧ ಗಂಟೆ ಮಾತಾಡಿದರು. ಎಲೆಕೋಸಿಗೆ ಎಷ್ಟು ಉಪ್ಪು ಹಾಕಬೇಕೆಂದು ಕೇಳಿದರು. ಬುಸುಯೋಕ್ ತಂದುಕೊಟ್ಟದ್ದನ್ನು ಒಂದು ಗುಟುಕು ಕುಡಿದು, ಕಣ್ಣಲ್ಲಿ ನೀರು ಬಂದರೂ ಚೆನ್ನಾಗಿದೆ ಎಂದರು. ತಮ್ಮ ತರಗತಿಗೆ ಬಂದು ಹುಡುಗರಿಗೆ ನೋಡುವುದನ್ನು ಕಲಿಸಬೇಕೆಂದು ಮೂವರನ್ನೂ ಕೇಳಿಕೊಂಡರು. ತಾಂತಿಯ ಕೆನ್ನೆ ಕೆಂಪಾಯಿತು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಕಾಲುಚೀಲ ಹೊಲಿದವಳನ್ನು ಯಾರೂ ಏನನ್ನೂ ಕಲಿಸೆಂದು ಕೇಳಿರಲಿಲ್ಲ.

"ಬರೋದೇನೋ ಬರ್ತೀವಿ," ತ್ಸುಗುಯಿ ಎದೆಯುಬ್ಬಿಸಿ ಹೇಳಿದ. "ಆದ್ರೆ ನಮಗೂ ಒಂದು ಅಭ್ಯಾಸ ಅಂತ ಬೇಡ್ವಾ?"

"ಖಂಡಿತ ಬೇಕು." ಪ್ರೊಫೆಸರ್ ಚೀಲದಿಂದ ಮೂರು ಹೊಸ ನೋಟ್‌ಬುಕ್ಕು ತೆಗೆದು ಹಂಚಿದರು. "ಸಿನಿಮಾ ಆಮೇಲೆ. ಮೊದಲು ಬದುಕಿರೋ ಮನುಷ್ಯನ್ನ ನೋಡಿ. ಒಂದು ವಾರ, ಒಬ್ಬನೇ ಒಬ್ಬ. ಏಳೋದು, ತಿನ್ನೋದು, ಯಾರ ಜೊತೆ ಮಾತಾಡ್ತಾನೆ, ಒಬ್ಬನೇ ಇದ್ದಾಗ ಏನು ಮಾಡ್ತಾನೆ, ಎಲ್ಲಾ ಬರೀಬೇಕು. ಹೆಸರು ಮಾತ್ರ ಬೇಡ. ಹತ್ತಿರದಲ್ಲೇ ಇದ್ದು, ಜಾಸ್ತಿ ಎಲ್ಲೂ ಹೋಗದವನಾದ್ರೆ ಅನುಕೂಲ. ಗುರುವಾರ ನನಗೆ ಒಪ್ಪಿಸಿ."

ಮೂರು ಕುರ್ಚಿಗಳು ಒಟ್ಟಿಗೆ ಕಿರ್ರೆಂದವು. ಮೂವರೂ ಬಾಗಿಲ ಬಳಿ ನಿಂತಿದ್ದ ಹುತ್ಸಾನುವಿನ ಕಡೆ ತಿರುಗಿ ಕೂತರು.

ತಾಂತಿ ಎವ್ದೋಕಿಯಾ ಗಡಿಯಾರ ನೋಡಿದಳು, ಹಸಿರು ಪೆನ್ನಿನ ಮುಚ್ಚಳ ತೆಗೆದಳು, ಬರೆಯುತ್ತ ಬರೆಯುತ್ತ ಓದಿದಳು:

"ಆರು ಗಂಟೆ ಹತ್ತು ನಿಮಿಷ. ಗಂಡಸು. ಬೆವರುತ್ತಿದ್ದಾನೆ. ಪ್ಯಾಂಟಿನ ಮೇಲೆ ಏನೋ ಕಲೆ. ಯಾರನ್ನು ಕೊಂದ?"